ಕ್ರಾಸ್ ಸ್ಟಿಚ್ ಮೈಸೂರಿಗೆ ಕಟ್ಟು ಹಾಕಿಸುವ ಮೊದಲು

ಕೊನೆಯ ಹೊಲಿಗೆ ಹಾಕಿ ದಾರ ಕತ್ತರಿಸಿದ ರಾತ್ರಿ ಬಟ್ಟೆಯನ್ನು ಸೋಫಾದ ಬೆನ್ನಿಗೆ ಹರಡಿ ಅರ್ಧ ಗಂಟೆ ಸುಮ್ನೆ ನೋಡುತ್ತಾ ಕೂತಿದ್ದೆ. ಹದಿನಾಲ್ಕು ತಿಂಗಳ ಕೆಲಸ. ಎಡಗಡೆ ದೊಡ್ಡ ಗಡಿಯಾರ, ಅದರ ಪಕ್ಕ ಸೇಂಟ್ ಫಿಲೋಮಿನಾ ಚರ್ಚು, ನಡುವೆ ಅರಮನೆ, ಆಮೇಲೆ ಲಲಿತಮಹಲ್, ಬಲತುದಿಯಲ್ಲಿ ಬೆಟ್ಟದ ನಂದಿ. ಕೆಳಗೆ "ಮೈಸೂರು" ಅಂತ ಅಕ್ಷರ.

ಬೆಳಿಗ್ಗೆ ಅವ್ವ ಎದ್ದು ಬಂದಳು. ಕನ್ನಡಕ ಹಾಕಿಕೊಂಡು ನೋಡಿದಳು. "ಛಲೋ ಆಗೇತಿ" ಅಂದಳು. ನಾನು ಹಿಗ್ಗುವಷ್ಟರಲ್ಲಿ, "ತಿರುವಿ ತೋರ್ಸು" ಅಂದಳು.

ಅವ್ವ ಧಾರವಾಡದವಳು, ಕಸೂತಿ ಹಾಕಿದ ಕೈ. ಕಸೂತಿಯ ಗವಂತಿ, ಮುರಗಿ ಹೊಲಿಗೆಗಳು ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಗಂಟು ಹಾಕುವ ಹಾಗಿಲ್ಲ. ಚೌಕಕ್ಕೊಂದು × ಹಾಕುವ ಹೊಲಿಗೆಗೆ ನಾನು ಕ್ರಾಸ್ ಸ್ಟಿಚ್ ಅನ್ನುತ್ತೇನೆ, ಅವಳಿಗೆ ಅದು ಮೆಂತಿ ಹೊಲಿಗೆ. ಅದಕ್ಕೆ ಇಷ್ಟೊಂದು ಇಂಗ್ಲಿಷ್ ಹೆಸರು, ಚಾರ್ಟು, ನಂಬರು ಯಾಕೆ ಅಂತ ಅವಳಿಗೆ ಇವತ್ತಿಗೂ ಅರ್ಥವಾಗಿಲ್ಲ. ಬಟ್ಟೆ ತಿರುವಿದೆ. ಅವಳು ಒಂದೇ ಮಾತು ಹೇಳಿದಳು: "ಮುಂದ ಅರಮನಿ, ಹಿಂದ ಕಸ."

ಮಾತು ಚುಚ್ಚಿತು. ಆದರೆ ಅವತ್ತು ಅವಳು ತಿರುವಿಸಿದ್ದು ಒಳ್ಳೆಯದೇ ಆಯಿತು. ಇದಕ್ಕೆ ಮುಂಚೆ ಲಾಲ್‌ಬಾಗಿನ ಗಾಜಿನ ಮನೆ ಹೊಲಿದಾಗ ಮುಗಿಸಿದ ಖುಷಿಯಲ್ಲಿ ಹಾಗೇ ಸುತ್ತಿಕೊಂಡು ಹೋಗಿ ಒಂದು ಫೋಟೊ ಕಟ್ಟಿನ ಅಂಗಡಿಗೆ ಕೊಟ್ಟಿದ್ದೆ. ಅವರು ದೇವರ ಫೋಟೊಗೆ ಮಾಡುವ ಹಾಗೇ ಮಾಡಿದರು. ಹಾರ್ಡ್‌ಬೋರ್ಡಿಗೆ ಬಿಳಿ ಅಂಟು ಬಳಿದು ಬಟ್ಟೆ ಅಂಟಿಸಿ, ಸುತ್ತ ಉಳಿದದ್ದನ್ನು ಬ್ಲೇಡಿನಲ್ಲಿ ಕೊಯ್ದು, ಮೇಲೆ ಗಾಜು ಒತ್ತಿ ಮೊಳೆ ಹೊಡೆದರು. ಎರಡು ಮಳೆಗಾಲ ಕಳೆಯುವುದರೊಳಗೆ ಗಾಜಿನ ಮನೆಯ ಮೇಲೆಲ್ಲಾ ಕಂದು ಚುಕ್ಕಿ. ಬಿಚ್ಚೋಣ ಅಂದರೆ ಬಟ್ಟೆ ಬೋರ್ಡಿನಿಂದ ಏಳಲಿಲ್ಲ. ಅದಕ್ಕೇ ಈ ಸಲ ಹೊಲಿಗೆ ಮುಗಿದ ಮೇಲಿನ ಕೆಲಸಕ್ಕೇ ಮೂರು ವಾರ ಇಟ್ಟುಕೊಂಡೆ.

ಕಿಟಕಿಗೆ ಹಿಡಿದು ನೋಡಿ

ಮೊದಲು ಬಟ್ಟೆಯನ್ನು ಹಗಲು ಹೊತ್ತಿನಲ್ಲಿ ಕಿಟಕಿ ಗಾಜಿಗೆ ಆನಿಸಿ ಹಿಡಿಯಿರಿ. ಬಿಟ್ಟುಹೋದ ಹೊಲಿಗೆಗಳು ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತವೆ. ನನಗೆ ಅರಮನೆಯ ಕಮಾನುಗಳಲ್ಲಿ ನಾಲ್ಕು ಅರ್ಧ ಹೊಲಿಗೆ ಸಿಕ್ಕವು. ಎದುರಿಗೆ ಹಿಡಿದು ಎಷ್ಟು ನೋಡಿದರೂ ಕಂಡಿರಲಿಲ್ಲ.

ಆಮೇಲೆ ಹಿಂಬದಿ. ಅವ್ವನ ಕಣ್ಣು ನೇರ ಹೋಗಿ ನಿಂತದ್ದು ಲಲಿತಮಹಲ್ ಹಿಂದೆ. ಅದು 1921ರ ಬಿಳಿ ಕಟ್ಟಡ. ನಾನು ಹೊಲಿದದ್ದು ಬಿಳಿ ಬಟ್ಟೆ ಮೇಲೆ ಬಿಳಿ ದಾರದಲ್ಲಿ, ಅಂಚಿಗೆ ಮಾತ್ರ ಒಂದೆಳೆ ಬೂದು ಬಣ್ಣ. ಪಕ್ಕದ ನಂದಿ ಪೂರ್ತಿ ಕಪ್ಪು, ಡಿಎಂಸಿ ಕಂಪನಿಯ 310ನೇ ನಂಬರಿನ ದಾರ. ನಂದಿಯ ಕೊಂಬಿನಿಂದ ಹೊರಟ ಒಂದು ಕಪ್ಪು ದಾರ ಲಲಿತಮಹಲಿನ ಹಿಂದೆ ಎರಡು ಇಂಚು ಓಡಿ ಅಲ್ಲೇ ಕೊನೆಯಾಗಿತ್ತು. ಮುಂದಿನಿಂದ ನೋಡಿದರೆ ಗೋಡೆ ಬಿರುಕು ಬಿಟ್ಟ ಹಾಗೆ ಒಂದು ಮಸುಕು ಗೆರೆ. ಐಡಾ ಬಟ್ಟೆ ಅಂದರೆ ತೂತುಗಳ ಬಟ್ಟೆ, ಅಲ್ವಾ? ಹಿಂದೆ ಏನಿದ್ದರೂ ಮುಂದೆ ಇಣುಕುತ್ತದೆ.

ಸರಿಮಾಡುವುದು ಸುಲಭ. ಆ ಬಾಲವನ್ನು ಮೆಲ್ಲಗೆ ಹಿಂದಕ್ಕೆಳೆದು, ಕಪ್ಪು ಹೊಲಿಗೆಗಳ ಅಡಿಯಲ್ಲೇ ನಾಲ್ಕೈದು ಸಲ ತೂರಿಸಿ ಕತ್ತರಿಸಿ. ದಾರ ಸೂಜಿಗೆ ಪೋಣಿಸಲಾಗದಷ್ಟು ಗಿಡ್ಡ ಇದ್ದರೆ ಒಂದು ಉಪಾಯ: ಮೊದಲು ಖಾಲಿ ಸೂಜಿಯನ್ನು ಹೊಲಿಗೆಗಳ ಅಡಿಗೆ ತೂರಿಸಿ, ಕಣ್ಣು ಮಾತ್ರ ಹೊರಗಿರಲಿ. ಆಮೇಲೆ ಆ ಗಿಡ್ಡ ತುದಿಯನ್ನು ಕಣ್ಣಿಗೆ ಪೋಣಿಸಿ ಎಳೆದುಬಿಡಿ. ಕಪ್ಪು, ಕೆಂಪು ದಾರದ ಜುಂಗು ಬಟ್ಟೆಗೆ ಅಂಟಿಕೊಂಡಿರುತ್ತದೆ. ಟೇಪನ್ನು ಬೆರಳಿಗೆ ಸುತ್ತಿ ಒತ್ತಿ ಒತ್ತಿ ತೆಗೆಯಿರಿ.

ನೇರ ಗೆರೆಯ ಹೊಲಿಗೆ, ಅಂದರೆ ಬ್ಯಾಕ್ ಸ್ಟಿಚ್, ಕಡೆಗೆ ಬರಲಿ. ದೊಡ್ಡ ಗಡಿಯಾರದ ಮುಖ ನನ್ನ ಚಾರ್ಟಿನಲ್ಲಿ 11 ಚೌಕ ಅಗಲ. ನಿಜವಾದ ಗಡಿಯಾರದಲ್ಲಿರುವುದು ಕನ್ನಡದ ಅಂಕಿ. 11 ಚೌಕದಲ್ಲಿ ೧ರಿಂದ ೧೨ರವರೆಗೆ ಹಿಡಿಸಲು ಹೋಗಿ ಒಂದು ಭಾನುವಾರ ಪೂರ್ತಿ ಹಾಳು ಮಾಡಿಕೊಂಡೆ. ಕೊನೆಗೆ ಹನ್ನೆರಡು ಚುಕ್ಕಿ, ಎರಡು ಮುಳ್ಳು, ಅಷ್ಟೇ. ಜಾಹೀರಾತಿನ ಗಡಿಯಾರಗಳ ಹಾಗೆ ಹತ್ತೂ ಹತ್ತಕ್ಕೆ ನಿಲ್ಲಿಸಲಿಲ್ಲ. ಐದೂ ನಲವತ್ತಕ್ಕೆ ನಿಲ್ಲಿಸಿದೆ. ಆಫೀಸು ಬಿಟ್ಟು ಅದರ ಮುಂದೆಯೇ ಬಸ್ಸಿಗೆ ಓಡುತ್ತಿದ್ದ ಹೊತ್ತು ಅದು.

ಊರಿನ ಹೆಸರು ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಇಂಗ್ಲಿಷ್ ಅಕ್ಷರ ಚೌಕದೊಳಗೆ ಹೇಗೋ ಕೂರುತ್ತದೆ. ನಮ್ಮದು ದುಂಡು ಲಿಪಿ. "ಮೈಸೂರು" ಅನ್ನುವುದನ್ನು ಬರೀ ಕ್ರಾಸ್‌ಗಳಲ್ಲಿ ಹಾಕಿದರೆ ಮೆಟ್ಟಿಲು ಮೆಟ್ಟಿಲಾಗಿ, ರ ಅನ್ನುವುದು ಮುರಿದ ಡಬ್ಬಿಯ ಹಾಗೆ ಕಾಣುತ್ತದೆ. ನಾನು ಮೊದಲು ಗ್ರಾಫ್ ಕಾಗದದ ಮೇಲೆ ಪೆನ್ಸಿಲಿನಲ್ಲಿ ದುಂಡಗೆ ಬರೆದುಕೊಂಡು, ಆ ಗೆರೆಯ ಮೇಲೇ ಎರಡೆಳೆ ಬ್ಯಾಕ್ ಸ್ಟಿಚ್ ಹಾಕಿದೆ. ತಿರುವು ಇದ್ದಲ್ಲಿ ಚೌಕದ ನಡುವೆಯೇ ಮೊನಚು ಸೂಜಿಯಲ್ಲಿ ಚುಚ್ಚಬೇಕು. ಇನ್ನೊಂದು, ಮೈ ಅಕ್ಷರದ ಐತ್ವ ಗೆರೆಯಿಂದ ಕೆಳಗೆ ಇಳಿಯುತ್ತದೆ. ಅದಕ್ಕೆ ನಾಲ್ಕು ಚೌಕ ಜಾಗ ಬಿಡದಿದ್ದರೆ ಕಟ್ಟಿನ ಅಂಚಿಗೆ ಹೋಗಿ ಬಡಿಯುತ್ತದೆ.

ತೊಳೆಯಲೇಬೇಕು

ನೋಡಲು ಚೊಕ್ಕಟವಾಗಿದೆ, ಯಾಕೆ ತೊಳೆಯಬೇಕು ಅಂತ ಕೇಳಬೇಡಿ. ಹದಿನಾಲ್ಕು ತಿಂಗಳು ನಮ್ಮ ಕೈಯ ಎಣ್ಣೆ, ಬೆವರು ಕುಡಿದ ಬಟ್ಟೆ ಅದು. ಇವತ್ತು ಕಾಣದ ಕೊಳೆ ನಾಲ್ಕು ವರ್ಷ ಬಿಟ್ಟು ಹಳದಿಯಾಗಿ ಕಾಣುತ್ತದೆ. ಹೊಲಿಯುವಾಗ ಬಟ್ಟೆ ಬಿಗಿಹಿಡಿಯಲು ರಿಂಗ್ ಹಾಕಿದ ಗುರುತೂ ತೊಳೆಯದೆ ಹೋಗುವುದಿಲ್ಲ. ನೀರಿಗೆ ಹೋಗುವ ಪೆನ್ನಿನಲ್ಲಿ ಚೌಕದ ಗೆರೆ ಹಾಕಿಕೊಂಡಿದ್ದರಂತೂ ಇಸ್ತ್ರಿ ಮುಟ್ಟುವ ಮೊದಲೇ ತೊಳೆಯಿರಿ. ಬಿಸಿ ತಾಗಿದರೆ ಆ ಗೆರೆ ಬಟ್ಟೆಗೆ ಕೂತುಬಿಡಬಹುದು.

ಅಗಲದ ಟಬ್ಬಿನಲ್ಲಿ ತಣ್ಣೀರು, ಉಣ್ಣೆ ಬಟ್ಟೆಗೆ ಹಾಕುವ ದ್ರವ ಸೋಪು ಒಂದು ಚಮಚ. ಬಟ್ಟೆಯನ್ನು ಮಡಚದೆ ಮುಳುಗಿಸಿ, ಹತ್ತು ನಿಮಿಷ ಬಿಟ್ಟು ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಉಜ್ಜಬೇಡಿ, ಹಿಂಡಬೇಡಿ.

ಭಯ ಕೆಂಪು ಬಣ್ಣದ್ದು. ಅರಮನೆಯ ಗುಮ್ಮಟಗಳಿಗೆ ಒಂದು ಗಾಢ ಕೆಂಪು ಹಾಕಿದ್ದೆ. ಆ ನಂಬರಿನ ದಾರ ಮುಗಿದುಹೋಗಿ ನಡುವೆ ಸಂತೆಯಲ್ಲಿ ಸಿಕ್ಕಿದ ಹೆಸರಿಲ್ಲದ ಲಡಿ ತಂದು ಎರಡು ಗುಮ್ಮಟ ಮುಗಿಸಿದ್ದೆ. ಆ ಎರಡೇ ಬಣ್ಣ ಬಿಟ್ಟವು. ನೋಡನೋಡುತ್ತಾ ಚರ್ಚಿನ ಪಕ್ಕದ ಆಕಾಶ ಗುಲಾಬಿ. ಹಾಗಾದಾಗ ಗಾಬರಿಯಲ್ಲಿ ಹೊರಗೆ ತೆಗೆದು ಒಣಗಿಸಲು ಹೋಗಬೇಡಿ. ಒಣಗಿದರೆ, ಇಸ್ತ್ರಿ ತಾಗಿದರೆ ಕಲೆ ಉಳಿಯಿತು ಅಂತಲೇ ಲೆಕ್ಕ. ನಲ್ಲಿ ಕೆಳಗೆ ಹಿಡಿದು ಹರಿಯುವ ತಣ್ಣೀರು ಬಿಡಿ. ಆಮೇಲೆ ಟಬ್ಬಿನಲ್ಲಿ ಹೊಸ ನೀರು, ಸ್ವಲ್ಪ ಸೋಪು, ಅರ್ಧ ಗಂಟೆ, ಮತ್ತೆ ಹೊಸ ನೀರು. ನಾನು ಏಳು ಸಲ ನೀರು ಬದಲಿಸಿದೆ. ಎಂಟನೆಯ ಸಲ ನೀರು ತಿಳಿಯಾಯಿತು, ಆಕಾಶ ಬಿಳಿಯಾಯಿತು. ಉಪ್ಪು ಹಾಕಿ, ವಿನೆಗರ್ ಹಾಕಿ ಅಂತ ಪಕ್ಕದ ಮನೆಯವರು ಹೇಳಿದರು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಜಾಸ್ತಿ ಇದ್ದ ಬಣ್ಣ ಹೊರಗೆ ಹೋಗಬೇಕು, ಅದಕ್ಕೆ ನೀರೇ ಮದ್ದು. ಮುಂಚೆಯೇ ಪರೀಕ್ಷೆ ಮಾಡುವುದಾದರೆ ಒದ್ದೆ ಹತ್ತಿಯನ್ನು ಕೆಂಪು ದಾರದ ಮೇಲೆ ಒತ್ತಿ ಹಿಡಿದು ನೋಡಿ. ಇದು ನನಗೆ ಆಮೇಲೆ ಹೊಳೆದ ಬುದ್ಧಿ.

ತೊಳೆದಾದ ಮೇಲೆ ದಪ್ಪ ಬಿಳಿ ಟವೆಲಿನ ಮೇಲೆ ಹರಡಿ, ಚಾಪೆ ಸುತ್ತಿದ ಹಾಗೆ ಸುತ್ತಿ ಒತ್ತಿದರೆ ನೀರೆಲ್ಲಾ ಟವೆಲಿಗೆ ಹೋಗುತ್ತದೆ. ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ. ಅದೇ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಹೊಲಿಗೆಯ ಮುಖ ಕೆಳಗೆ ಮಾಡಿ ಹಾಕಿ, ಹಿಂದಿನಿಂದ ಇಸ್ತ್ರಿ ಮಾಡಿ. ಹೊಲಿಗೆ ಟವೆಲಿನೊಳಗೆ ಇಳಿದು ಉಬ್ಬು ಹಾಗೇ ಉಳಿಯುತ್ತದೆ. ಮುಂದಿನಿಂದ ತೀಡಿದರೆ ಎಲ್ಲ ಚಪ್ಪಟೆ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಹೋಗಿ ಈಗಿನದು 1912ರಲ್ಲಿ ಎದ್ದು ನಿಂತಿತು. ನನಗೆ ಮತ್ತೆ ಹದಿನೈದು ವರ್ಷ ಕಾಯುವ ತಾಳ್ಮೆ ಇಲ್ಲ. ಹಾಗಾಗಿ ಇಸ್ತ್ರಿ ಹತ್ತಿಯ ಗುರುತಿಗಿಂತ ಒಂದು ಮೆಟ್ಟಿಲು ಕೆಳಗೇ ಇಟ್ಟುಕೊಂಡೆ.

ಮಣಿ ಪೋಣಿಸುವುದಿದ್ದರೆ ಇಸ್ತ್ರಿ ಆದ ಮೇಲೆಯೇ. ದಸರೆಯಲ್ಲಿ ಅರಮನೆಗೆ ಸುಮಾರು 97 ಸಾವಿರ ಬಲ್ಬು ಉರಿಯುತ್ತವೆ. ನಾನು ಹಾಕಿದ್ದು 61 ಮಣಿ.

ಬೋರ್ಡಿಗೆ ಬಿಗಿಯುವುದು

ಇಡೀ ಕೆಲಸದಲ್ಲಿ ನನಗೆ ಇಷ್ಟವಾದದ್ದು ಇದೇ. ಅಂಗಡಿಯವರಿಗೆ ಬಿಡದೆ ನೀವೇ ಮಾಡಬೇಕಾದದ್ದೂ ಇದೇ.

ಲೆಕ್ಕ ಮೊದಲು. ನನ್ನದು 14 ಕೌಂಟ್ ಐಡಾ, ಇಂಚಿಗೆ 14 ಚೌಕ. ಚಿತ್ರ 210 ಚೌಕ ಅಗಲ, 84 ಎತ್ತರ. ಅಂದರೆ 15 ಇಂಚಿಗೆ 6 ಇಂಚು. ಸುತ್ತ ಮೂರು ಮೂರು ಇಂಚು ಬಿಟ್ಟಿದ್ದರಿಂದ ಬಟ್ಟೆ 21ಕ್ಕೆ 12. ಸ್ಟೇಷನರಿ ಅಂಗಡಿಯಲ್ಲಿ ಸಿಗುವ 5 ಮಿ.ಮೀ. ದಪ್ಪದ ಬಿಳಿ ಫೋಮ್ ಬೋರ್ಡನ್ನು 17ಕ್ಕೆ 8 ಇಂಚು ಕತ್ತರಿಸಿದೆ. ಚಿತ್ರದ ಸುತ್ತ ಒಂದು ಇಂಚು ಬಟ್ಟೆ ಬೋರ್ಡಿನ ಮೇಲೆ, ಉಳಿದ ಎರಡು ಇಂಚು ಹಿಂದಕ್ಕೆ ಮಡಚಲು. ಬೋರ್ಡು ಬಿಳಿಯೇ ಆಗಿರಲಿ. ಕಂದು ಹಾರ್ಡ್‌ಬೋರ್ಡ್ ಇಟ್ಟರೆ ತೂತುಗಳಲ್ಲಿ ಕಂದು ಇಣುಕಿ ಬಿಳಿ ಬಟ್ಟೆ ಮಾಸಿದ ಹಾಗೆ ಕಾಣುತ್ತದೆ. ತೊಳೆಯುವ ಮೊದಲೇ ಬೋರ್ಡು ಕತ್ತರಿಸಬೇಡಿ. ಬಟ್ಟೆ ಸ್ವಲ್ಪ ಕುಗ್ಗಬಹುದು.

ಈಗ ಚಿತ್ರದ ಅಂಚಿನಿಂದ ಹೊರಗೆ 14 ಚೌಕ ಎಣಿಸಿ, ನಾಲ್ಕೂ ಕಡೆ ಬಣ್ಣದ ದಾರದಲ್ಲಿ ದೊಡ್ಡ ದೊಡ್ಡ ಹೊಲಿಗೆ ಓಡಿಸಿ. ಈ ಗೆರೆ ಬೋರ್ಡಿನ ಅಂಚಿನ ಮೇಲೆ ಸರಿಯಾಗಿ ಕೂತರೆ ಚಿತ್ರ ನೇರ ಇದೆ ಅಂತ ಅರ್ಥ. ಕಣ್ಣಳತೆ ನಂಬಬೇಡಿ. ಕಟ್ಟಡದ ಚಿತ್ರದಲ್ಲಿ ಕಣ್ಣಿಗೆ ಹೊಡೆಯುವುದು ಸೊಟ್ಟವೇ. ಹೂವು ಸ್ವಲ್ಪ ವಾಲಿದರೆ ಗಾಳಿ ಬೀಸಿದೆ ಅಂದುಕೊಳ್ಳಬಹುದು. ಫಿಲೋಮಿನಾ ಚರ್ಚಿನ ಎರಡು ಗೋಪುರ ವಾಲಿದರೆ? 175 ಅಡಿ ಎತ್ತರದ ಮೊನಚು ಗೋಪುರಗಳವು. ನನ್ನ ಬಟ್ಟೆಯಲ್ಲಿ ನಾಲ್ಕು ಇಂಚೂ ಇಲ್ಲ. ಆದರೂ ಒಂದು ಚೌಕ ಆಚೆ ಈಚೆ ಆದರೆ ಬಾಗಿಲಲ್ಲಿ ನಿಂತವರಿಗೂ ಗೊತ್ತಾಗುತ್ತದೆ.

ಬಟ್ಟೆಯ ಅಂಚು ಬಿಚ್ಚಿಕೊಳ್ಳದ ಹಾಗೆ ಹೊಲಿಗೆ ಯಂತ್ರದಲ್ಲಿ ಜಿಗ್‌ಜಾಗ್ ಓಡಿಸಿಕೊಳ್ಳಿ. ಆಮೇಲೆ ಬೋರ್ಡಿನ ಮೇಲೆ ಹರಡಿ, ಪ್ರತಿ ಬದಿಯ ನಡುವೆ ಮೊದಲು ಒಂದೊಂದು ಗುಂಡುಪಿನ್ನು, ಅಲ್ಲಿಂದ ಎರಡೂ ಮೂಲೆ ಕಡೆಗೆ ಅರ್ಧರ್ಧ ಇಂಚಿಗೆ ಒಂದು. ಪಿನ್ನು ಬೋರ್ಡಿನ ದಪ್ಪದೊಳಗೆ ಅಡ್ಡಲಾಗಿ ಇಳಿಯಬೇಕು. ಬಣ್ಣದ ಗೆರೆ ಅಂಚಿಗೆ ಸರಿ ಬರುವವರೆಗೆ ಕಿತ್ತು ಕಿತ್ತು ಚುಚ್ಚಿ. ನನಗೆ ಒಂದು ಗಂಟೆ ಹಿಡಿಯಿತು.

ಬಿಗಿಯುವ ದಾರ ಗಟ್ಟಿ ಇರಲಿ. ಕ್ರೋಷಾ ದಾರ ಆಗುತ್ತದೆ, ದರ್ಜಿಗಳು ಗುಂಡಿಗೆ ಹಾಕುವ ದಪ್ಪ ದಾರವೂ ಆಗುತ್ತದೆ. ಉಂಡೆಯಿಂದ ಕತ್ತರಿಸದೆ ಸೂಜಿಗೆ ಪೋಣಿಸಿ. ಬೋರ್ಡು ಮಗುಚಿ ಹಾಕಿ, ಉದ್ದದ ಎರಡು ಬದಿಗಳನ್ನು ಮೊದಲು ತೆಗೆದುಕೊಳ್ಳಿ. ನಡುವಿನಿಂದ ಶುರು ಮಾಡಿ, ಮೇಲಿನ ಮಡಿಕೆಗೊಂದು ಕೆಳಗಿನ ಮಡಿಕೆಗೊಂದು ಹೊಲಿಗೆ, ಅಂಕುಡೊಂಕಾಗಿ ಒಂದು ಮೂಲೆವರೆಗೆ ಹೋಗಿ ತುದಿಯನ್ನು ಭದ್ರಮಾಡಿ. ಆಮೇಲೆ ಉಂಡೆಯಿಂದ ಅಷ್ಟೇ ಉದ್ದದ ದಾರ ಬಿಚ್ಚಿ, ಇನ್ನೊಂದು ಮೂಲೆವರೆಗೆ. ಬಿಗಿಯುವುದು ಥೇಟ್ ಹೊರಸಿಗೆ ನುಲಿ ಎಳೆದ ಹಾಗೆ. ಒಂದೇ ಕಡೆ ಜಗ್ಗಿದರೆ ಆಗದು. ನಡುವಿನಿಂದ ತುದಿಗೆ ಒಂದೊಂದೇ ಎಳೆ ಎತ್ತಿ ಎತ್ತಿ ಸಡಿಲ ತೆಗೆಯುತ್ತಾ ಹೋಗಬೇಕು, ಮತ್ತೆ ಮೊದಲಿಂದ. ಅವ್ವ ಇಲ್ಲಿ ತಾನಾಗಿಯೇ ಪಕ್ಕಕ್ಕೆ ಬಂದು ಕೂತು ಇನ್ನೊಂದು ತುದಿ ಹಿಡಿದಳು. "ಜಗ್ಗು, ಹರಿಯೂದಿಲ್ಲ" ಅಂತ ಅವಳು, "ಅವ್ವಾ, ಗೋಪುರ ಬಾಗ್ತದ" ಅಂತ ನಾನು. ಬೆರಳಲ್ಲಿ ಒತ್ತಿದರೆ ಬಟ್ಟೆ ಸರಿಯಬಾರದು, ಆದರೆ ಬೋರ್ಡು ಬಿಲ್ಲಿನ ಹಾಗೆ ಬಾಗಲೂಬಾರದು. ಅಷ್ಟು ಬಿಗಿ ಸಾಕು.

ಗಿಡ್ಡ ಬದಿಗಳೂ ಹಾಗೇ. ಮೂಲೆಯಲ್ಲಿ ಬಟ್ಟೆ ಕತ್ತರಿಸಬೇಡಿ. ಹೊದಿಕೆ ಮಡಚಿದ ಹಾಗೆ ಓರೆಯಾಗಿ ಮಡಚಿ ನಾಲ್ಕು ಹೊಲಿಗೆ ಹಾಕಿ. ಕೊನೆಗೆ ಪಿನ್ನುಗಳನ್ನೆಲ್ಲಾ ಕಿತ್ತುಬಿಡಿ, ಉಳಿದರೆ ತುಕ್ಕು ಹಿಡಿಯುತ್ತವೆ. ಬಣ್ಣದ ದಾರವನ್ನೂ ತೆಗೆಯಿರಿ. ಅಂಟು ಇಲ್ಲ, ಡಬಲ್ ಟೇಪ್ ಇಲ್ಲ. ಮುಂದೆ ಯಾವತ್ತಾದರೂ ತೊಳೆಯಬೇಕಾದರೆ ದಾರ ಕತ್ತರಿಸಿದರೆ ಸಾಕು, ಬಟ್ಟೆ ಕೈಗೆ ಬರುತ್ತದೆ.

ಕಟ್ಟಿನ ಅಂಗಡಿಯಲ್ಲಿ

ಹಗಲು ಹೊತ್ತು ಹೋಗಿ. ಟ್ಯೂಬ್‌ಲೈಟಿನ ಕೆಳಗೆ ಆರಿಸಿದ ಮೌಂಟಿನ, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ಕಾಗದದ ಚೌಕಟ್ಟಿನ, ಬಣ್ಣ ಮನೆಗೆ ಬಂದ ಮೇಲೆ ಬೇರೆಯೇ ಆಗಿರುತ್ತದೆ. ಬಂಗಾರದ ಬಣ್ಣದ ಕೆತ್ತನೆ ಪಟ್ಟಿ ತೋರಿಸುತ್ತಾರೆ. ಅರಮನೆಗೆ ಒಪ್ಪುತ್ತದೆ ಮೇಡಂ ಅಂತಾರೆ. ಬೇಡ. ಅರಮನೆಯಲ್ಲೇ ಬೇಕಾದಷ್ಟು ಕೆತ್ತನೆ ಇದೆ. ನಾನು ತಿಳಿ ಮರದ ಸಾದಾ ಪಟ್ಟಿ, ಕೆನೆ ಬಣ್ಣದ ಮೌಂಟು ತೆಗೆದುಕೊಂಡೆ. ಮೌಂಟಿನ ಕಿಟಕಿ 16ಕ್ಕೆ 7 ಇಂಚು, ಅಂದರೆ ಚಿತ್ರದ ಸುತ್ತ ಅರ್ಧ ಇಂಚು ಬಟ್ಟೆ ಕಾಣುತ್ತದೆ. ಮೌಂಟಿನ ಅಗಲ ಮೂರು ಕಡೆ ಎರಡು ಇಂಚು, ಕೆಳಗೆ ಎರಡೂವರೆ. ನಾಲ್ಕೂ ಕಡೆ ಒಂದೇ ಆದರೆ ಚಿತ್ರ ಕೆಳಗೆ ಜಾರಿದ ಹಾಗೆ ಕಾಣುತ್ತದೆ. ಆಸಿಡ್ ಇಲ್ಲದ ಮೌಂಟು ಕೇಳಿ. ಸ್ವಲ್ಪ ದುಬಾರಿ, ಆದರೆ ಅಗ್ಗದ್ದರ ಕೊಯ್ದ ಅಂಚು ಕೆಲವೇ ವರ್ಷಕ್ಕೆ ಕಂದಾಗುತ್ತದೆ.

ಪಟ್ಟಿ ಆರಿಸುವಾಗ ಎಲ್ಲರೂ ಮರೆಯುವುದು ಆಳ. ಪಟ್ಟಿಯ ಒಳಮಗ್ಗುಲಿಗೆ ಗಾಜು ಕೂರುವ ಒಂದು ಮೆಟ್ಟಿಲು ಇರುತ್ತದೆ. ಗಾಜು 2 ಮಿ.ಮೀ., ಮೌಂಟು 2, ಫೋಮ್ ಬೋರ್ಡು 5, ಮಡಚಿದ ಬಟ್ಟೆ ಸುಮಾರು 2, ಹಿಂದಿನ ಬೋರ್ಡು 3. ಒಟ್ಟು 14 ಮಿ.ಮೀ. ಫೋಟೊ ಪಟ್ಟಿಗಳಲ್ಲಿ ಇಷ್ಟು ಆಳ ಎಷ್ಟೋ ಸಲ ಇರುವುದಿಲ್ಲ. ಮಣಿ ಇದ್ದರೆ ಗಾಜಿಗೂ ಮೌಂಟಿಗೂ ನಡುವೆ ಇನ್ನೂ 4 ಮಿ.ಮೀ. ಕಡ್ಡಿ ಬೇಕು. ಮಣಿ ಇಲ್ಲದಿದ್ದರೂ ಗಾಜು ಬಟ್ಟೆಗೆ ತಾಗಬಾರದು. ತಾಗಿದ ಕಡೆಯೇ ಮಳೆಗಾಲದಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ. ನನ್ನ ಗಾಜಿನ ಮನೆಗೆ ಆದದ್ದೂ ಅದೇ. ಸಾದಾ ಗಾಜೇ ಸಾಕು. ಹೊಳಪಿಲ್ಲದ ಗಾಜು ದೂರದಿಂದ ಚೆಂದ, ಆದರೆ ಹೊಲಿಗೆ ಮಂಜು ಕವಿದ ಹಾಗೆ ಕಾಣುತ್ತದೆ.

ನಾನು ಒಂದು ಚೀಟಿಯಲ್ಲಿ ಬರೆದು ಬೋರ್ಡಿನ ಹಿಂದೆ ಸಿಕ್ಕಿಸಿ ಕೊಟ್ಟಿದ್ದೆ: ಅಂಟು ಹಾಕಬೇಡಿ, ಬಟ್ಟೆ ಕತ್ತರಿಸಬೇಡಿ, ಬೋರ್ಡಿನ ಸುತ್ತ ಉಳಿಯುವ ಸಂದಿಗೆ ಅದೇ ದಪ್ಪದ ಫೋಮ್ ಪಟ್ಟಿ ತುಂಬಿ, ಮೊಳೆ ಹೊಡೆಯುವ ಮೊದಲು ನನಗೆ ಫೋನ್ ಮಾಡಿ. ಅಂಗಡಿಯ ಹುಡುಗ ಓದಿ ನಕ್ಕ. ಆದರೆ ಫೋನ್ ಮಾಡಿದ. ಹೋಗಿ ನೋಡಿದರೆ ಗಾಜಿನೊಳಗೆ ಕಪ್ಪು ದಾರದ ಒಂದು ಜುಂಗು, ಸರಿಯಾಗಿ ಲಲಿತಮಹಲಿನ ಮೇಲೆ. ತೆಗೆಸಿದೆ.

ಹಿಂದೆ ಹಾರ್ಡ್‌ಬೋರ್ಡಿಗೂ ಬಟ್ಟೆಗೂ ನಡುವೆ ಒಂದು ಆಸಿಡ್ ಇಲ್ಲದ ಕಾಗದ ಇಡಿಸಿ, ಅಂಚಿಗೆಲ್ಲಾ ಬ್ರೌನ್ ಪೇಪರ್ ಟೇಪ್ ಹಾಕಿಸಿ. ಬೆಳ್ಳಿಹುಳು ಬರುವುದು ಆ ಸಂದಿಯಲ್ಲೇ. ಎಲ್ಲವೂ ಪೂರ್ತಿ ಒಣಗಿದ ಮೇಲೆ ಮುಚ್ಚಬೇಕು. ಜುಲೈ ತಿಂಗಳ ಜಡಿಮಳೆಯಲ್ಲಿ ಕಟ್ಟು ಹಾಕಿಸಲು ಹೋಗಬೇಡಿ.

ತೂಗುಹಾಕಲು ಎರಡು ಬಳೆ, ಎರಡು ಮೊಳೆ. ಒಂದೇ ಮೊಳೆಗೆ ಹಾಕಿದರೆ ಬಾಗಿಲು ಬಡಿದಾಗಲೆಲ್ಲಾ ವಾಲುತ್ತದೆ. ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ. ಬಚ್ಚಲ ಪಕ್ಕದ ಗೋಡೆ, ಅಡುಗೆಮನೆ, ಬಿಸಿಲು ನೇರ ಬೀಳುವ ಜಾಗ ಬೇಡ.

ಹಿಂದಿನ ಬ್ರೌನ್ ಪೇಪರ್ ಮೇಲೆ ನಾನು ಒಂದು ಲಕೋಟೆ ಅಂಟಿಸಿದ್ದೇನೆ. ಅದರಲ್ಲಿ ಎಲ್ಲ ದಾರಗಳ ನಂಬರಿನ ಪಟ್ಟಿ, ಒಂದೊಂದು ಬಣ್ಣದ ಒಂದು ಮೊಳ ದಾರ, ಉಳಿದ ಒಂಬತ್ತು ಮಣಿ. ಸಂತೆಯ ಕೆಂಪು ದಾರವನ್ನು ಬೇರೆ ಸುತ್ತಿ, "ಇದು ಬಣ್ಣ ಬಿಡುತ್ತದೆ" ಅಂತ ಬರೆದಿಟ್ಟಿದ್ದೇನೆ.